ಕಲಬುರಗಿಯಿಂದ ಮಂಗಳೂರಿಗೆ ನನ್ನ ಗೇಮ್ ಸಾಮಾನು ಸಾಗಿಸಿದ ಬಗೆ

ಮಂಗಳೂರಿಗೆ ವರ್ಗ ಆಯ್ತು, ಅದೂ ಮೇ ತಿಂಗಳಲ್ಲಿ. ಫ್ರಿಜ್, ಮಂಚ, ಪಾತ್ರೆಗಳ ಚಿಂತೆ ನನಗಿರಲಿಲ್ಲ. ಅದನ್ನೆಲ್ಲ ಲಾರಿಯವರು ನೋಡಿಕೊಳ್ಳುತ್ತಾರೆ. ಚಿಂತೆ ಇದ್ದದ್ದು ಒಂದು ಗೋಡೆ ತುಂಬಾ ಜೋಡಿಸಿಟ್ಟಿದ್ದ ಗೇಮ್ ಸಾಮಾನಿನದು. ತೊಂಬತ್ತರ ದಶಕದ ಟಿವಿ ಗೇಮು, ಅದರ ಕ್ಯಾಸೆಟ್‌ಗಳು, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್, ಪಿಎಸ್1ರಿಂದ ಹಿಡಿದು ಪಿಎಸ್5ವರೆಗಿನ ಪ್ಲೇಸ್ಟೇಷನ್ ಮೆಷಿನ್‌ಗಳು, ಇವೆಲ್ಲದರ ಜೊತೆಗೆ ಪಿಕ್ಚರ್ ಟ್ಯೂಬ್ ಇರುವ ಒಂದು ಹಳೆ ಡಬ್ಬಾ ಟಿವಿ. ದಾರಿ ಆರುನೂರು ಕಿಲೋಮೀಟರಿಗೂ ಜಾಸ್ತಿ. ಹೊರಡುವ ಊರಲ್ಲಿ ಒಣ ಬಿಸಿಲು, ಸೇರುವ ಊರಲ್ಲಿ ಸಮುದ್ರದ ತೇವ. ಎರಡಕ್ಕೂ ತಯಾರಾಗಬೇಕಿತ್ತು.

ಮೊದಲು ವಿಂಗಡಣೆ. ಇಲ್ಲಿ ಬೆಲೆ ನೋಡಿ ಭಾಗ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ. ಪಿಎಸ್5 ದುಬಾರಿ ನಿಜ, ಆದರೆ ದುಡ್ಡು ಕೊಟ್ಟರೆ ಇನ್ನೊಂದು ಸಿಗುತ್ತದೆ. ಪಿಎಸ್2ರ 8 ಎಂಬಿ ಮೆಮೊರಿ ಕಾರ್ಡ್ ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೇ ಸಿಗಬಹುದು, ಅದರೊಳಗಿನ ನನ್ನ ಸೇವ್‌ಗಳು, ಅಂದರೆ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೆ ಅನ್ನೋ ದಾಖಲೆ, ಎಲ್ಲೂ ಸಿಗಲ್ಲ. ಗೇಮ್ ಬಾಯ್ ಕ್ಯಾಸೆಟ್‌ಗಳ ಕಥೆ ಇನ್ನೂ ನಾಜೂಕು. ಪೋಕೆಮಾನ್ ಗೋಲ್ಡ್ ಥರದ ಕ್ಯಾಸೆಟ್ ಒಳಗೆ ಒಂದು ಬಟನ್ ಸೆಲ್ ಇರುತ್ತದೆ. ಸೇವ್ ಉಳಿದಿರೋದೇ ಆ ಸೆಲ್‌ನಿಂದ. ಸೆಲ್ ಸತ್ತರೆ ಸೇವ್ ಹೋಯ್ತು. ಹಾಗಾಗಿ ಮೆಮೊರಿ ಕಾರ್ಡ್, ಸೆಲ್ ಇರುವ ಕ್ಯಾಸೆಟ್, ಪಿಎಸ್3ರ ಹಾರ್ಡ್ ಡಿಸ್ಕ್, ಬ್ಯಾಟರಿ ಇರುವ ಕಂಟ್ರೋಲರ್, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಎಲ್ಲವೂ ಒಂದು ಬ್ಯಾಗಿಗೆ. ಆ ಬ್ಯಾಗು ನಮ್ಮ ಜೊತೆ ಕಾರಲ್ಲಿ. ಮಿಕ್ಕಿದ್ದು ಲಾರಿಗೆ.

ಡಬ್ಬಿ ಎಲ್ಲಿಂದ ತರೋದು? ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಕಡೆ ಕಿರಾಣಿ ಅಂಗಡಿಗಳಲ್ಲಿ ಬೇಕಾದಷ್ಟು ಖಾಲಿ ಡಬ್ಬಿ ಸಿಗುತ್ತವೆ. ನಾನು ತಗೊಳ್ಳಲಿಲ್ಲ. ನಮ್ಮದು ತೊಗರಿಯ ನಾಡು. ಕಾಳು ಬೇಳೆ ಇದ್ದ ಡಬ್ಬಿಯಲ್ಲಿ ಹೊಟ್ಟಿನ ಧೂಳು ಇರುತ್ತದೆ, ಹುಳ ಇರುತ್ತದೆ, ರಟ್ಟಿನ ಮಡಿಕೆಯಲ್ಲಿ ಜಿರಳೆ ಮೊಟ್ಟೆ ಇದ್ದರೂ ಗೊತ್ತಾಗಲ್ಲ. ಜಿರಳೆಗೆ ಗೇಮ್ ಮೆಷಿನ್ ಅಂದರೆ ಬೆಚ್ಚಗಿನ ಮನೆ. ಅದಕ್ಕೆ ಮೆಡಿಕಲ್ ಅಂಗಡಿಗೆ ಹೋದೆ. ಸಲೈನ್ ಬಾಟಲಿ ಬರುವ ಡಬ್ಬಿಗಳು ಗಟ್ಟಿ, ಶುದ್ಧ, ಅಳತೆಯಲ್ಲೂ ಸಣ್ಣವು.

ಸಣ್ಣ ಡಬ್ಬಿಯೇ ಬೇಕು ಅಂತ ಹಟ ಹಿಡಿದದ್ದಕ್ಕೆ ಕಾರಣ ಇದೆ. ದೊಡ್ಡ ಡಬ್ಬಿ ತುಂಬಾ ಡಿಸ್ಕ್ ಕೇಸ್ ತುಂಬಿದರೆ ಎತ್ತೋಕಾಗಲ್ಲ, ಹಮಾಲರು ಅದನ್ನು ನೆಲದ ಮೇಲೆ ಎಳೆಯುತ್ತಾರೆ. ತೀರಾ ಹಗುರ ಇದ್ದರೆ ಕೆಳಗಿನವರು ಎಸೀತಾರೆ, ಮೇಲಿನವರು ಹಿಡೀತಾರೆ. ಎರಡೂ ಕೈಯಲ್ಲಿ ಎದೆಗೆ ಆನಿಸಿ ಹಿಡಿಯಬೇಕು ಅನ್ನುವಷ್ಟು ತೂಕ ಇದ್ದರೆ ಯಾರಾದರೂ ಸರಿಯಾಗೇ ಇಳಿಸ್ತಾರೆ.

ಡಿಸ್ಕ್ ಕೇಸ್‌ಗಳನ್ನು ಒಂದರ ಮೇಲೊಂದು ಪೇರಿಸಲಿಲ್ಲ. ಕಪಾಟಿನಲ್ಲಿ ಪುಸ್ತಕ ನಿಲ್ಲಿಸುವ ಹಾಗೆ ನೆಟ್ಟಗೆ ನಿಲ್ಲಿಸಿದೆ. ಪೇರಿಸಿದರೆ ತಳದ ಕೇಸ್ ಮೇಲೆ ಎಲ್ಲದರ ಭಾರ ಬಿದ್ದು ನಡುವಿನ ಹಲ್ಲು ಮುರಿಯುತ್ತವೆ. ಹಲ್ಲು ಮುರಿದರೆ ಡಿಸ್ಕ್ ಕಳಚಿಕೊಂಡು, ದಾರಿ ಉದ್ದಕ್ಕೂ ಕೇಸ್ ಒಳಗೇ ಉಜ್ಜುತ್ತಾ ಹೋಗುತ್ತದೆ. ಹೊರಗಿಂದ ನೋಡಿದರೆ ಏನೂ ಆಗಿರಲ್ಲ. ಅದಕ್ಕೇ ಪ್ರತಿ ಕೇಸ್ ತೆರೆದು, ಡಿಸ್ಕ್ ಹಲ್ಲಿಗೆ ಕೂತಿದೆಯಾ ಅಂತ ಬೆರಳಿಂದ ಒತ್ತಿ ನೋಡಿದೆ. ಸಡಿಲ ಇದ್ದ ಡಿಸ್ಕ್‌ಗಳನ್ನು ಮೆತ್ತನೆಯ ತೆಳು ಚೀಲಕ್ಕೆ ಹಾಕಿ ಬೇರೆ ಕೇಸಿಗೆ ಸೇರಿಸಿದೆ.

ಇಲ್ಲೊಂದು ವಿಷಯ ಹೇಳಲೇಬೇಕು. ಎಲ್ಲರೂ ಡಿಸ್ಕಿನ ಹೊಳೆಯುವ ಬದಿಯನ್ನೇ ಕಾಪಾಡ್ತಾರೆ. ಪಿಎಸ್1ರ ಕಪ್ಪು ಡಿಸ್ಕ್ ಸಿಡಿ. ಸಿಡಿಯಲ್ಲಿ ಮಾಹಿತಿಯ ಪದರ ಇರೋದು ಚಿತ್ರ ಅಚ್ಚು ಮಾಡಿದ ಬದಿಯಲ್ಲಿ, ತೆಳುವಾದ ಲೇಪನದ ಕೆಳಗೆ. ಕೆಳಬದಿಗೆ ಗೀರು ಬಿದ್ದರೆ ಉಜ್ಜಿ ಸರಿ ಮಾಡಬಹುದು, ಮೇಲಿನ ಬದಿಗೆ ಆಳವಾಗಿ ಗೀರಿದರೆ ಅಲ್ಲಿಗೆ ಮುಗೀತು. ಡಿವಿಡಿ ಅಷ್ಟು ನಾಜೂಕಲ್ಲ. 0.6 ಮಿಲಿಮೀಟರಿನ ಎರಡು ಹಾಳೆ ಅಂಟಿಸಿ, ಮಾಹಿತಿಯನ್ನು ನಡುವೆ ಇಟ್ಟಿರ್ತಾರೆ. ಪಿಎಸ್3ರಿಂದ ಈಚೆಗಿನ ಬ್ಲೂ-ರೇ ಡಿಸ್ಕಿನಲ್ಲಿ ಅದು ಓದುವ ಬದಿಯಿಂದ ಬರೀ 0.1 ಮಿಲಿಮೀಟರ್ ಒಳಗೆ, ಮೇಲೆ ಗಟ್ಟಿ ಲೇಪನ. ಪಿಎಸ್1 ಡಿಸ್ಕ್‌ಗಳ ಎರಡೂ ಬದಿಗೆ ಮೆತ್ತನೆ ಬಟ್ಟೆ ಇಟ್ಟಿದ್ದು ಇದಕ್ಕೇ.

ಬಬಲ್ ರ‍್ಯಾಪ್ ಅನ್ನು ಹಳೆ ಗೇಮ್‌ಗಳ ಬಣ್ಣಬಣ್ಣದ ರಟ್ಟಿನ ಡಬ್ಬಿಗಳಿಗೆ ನೇರವಾಗಿ ಸುತ್ತಬೇಡಿ. ನಮ್ಮೂರಲ್ಲಿ ಮೇ ಅಂದರೆ 40 ಡಿಗ್ರಿ ದಾಟೋದು ಮಾಮೂಲು. ಟಾರ್ಪಾಲ್ ಕೆಳಗೆ ಇನ್ನೂ ಜಾಸ್ತಿ. ಆ ಕಾವಿಗೆ ಗುಳ್ಳೆಗಳ ಗುರುತು ಹೊಳಪು ಕಾಗದದ ಮೇಲೆ ಕೂತುಬಿಡುತ್ತದೆ. ಮೊದಲು ಬಟರ್ ಪೇಪರ್, ಮೇಲೆ ಬಬಲ್ ರ‍್ಯಾಪ್. ಪೇಪರಿನ ಶಾಯಿ ಅಂಟುತ್ತದೆ ಅಂತ ನ್ಯೂಸ್ ಪೇಪರ್ ಬೇಡ ಅಂದೆ. ರಬ್ಬರ್ ಬ್ಯಾಂಡ್ ಅಂತೂ ಬಿಸಿಲಿಗೆ ಕರಗಿ ಮೆತ್ತಿಕೊಳ್ಳುತ್ತದೆ, ಅದರ ಬದಲು ಹತ್ತಿ ಲಾಡಿ.

ಮೆಷಿನ್‌ಗಳಿಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಒಳಗೆ ಡಿಸ್ಕ್ ಉಳಿದಿರಬಾರದು. ವೈರ್ ಬಿಚ್ಚುವ ಮೊದಲು ಹಿಂಬದಿಯ ಫೋಟೊ ತೆಗೆದುಕೊಂಡೆ, ಪ್ರತಿ ಅಡಾಪ್ಟರಿಗೆ ಯಾವುದರದ್ದು ಅಂತ ಚೀಟಿ ಅಂಟಿಸಿದೆ. ನೋಡೋಕೆ ಒಂದೇ ಥರ ಇರುವ ಅಡಾಪ್ಟರ್ ಅದಲು ಬದಲಾದರೆ ಮೆಷಿನ್ನೇ ಸುಟ್ಟುಹೋಗಬಹುದು. ಕಂಟ್ರೋಲರಿನಲ್ಲಿ ಹೆಬ್ಬೆರಳಿಂದ ತಿರುಗಿಸುವ ಕಡ್ಡಿಗಳ ಮೇಲೆ ಏನೂ ಒತ್ತದ ಹಾಗೆ ಇಟ್ಟೆ. ಲಿಥಿಯಂ ಬ್ಯಾಟರಿ ಇರುವವನ್ನು ಅರ್ಧ ಚಾರ್ಜಿಗೆ ನಿಲ್ಲಿಸಿದೆ. ಪೆನ್ಸಿಲ್ ಸೆಲ್ ಎಲ್ಲ ಹೊರಗೆ. ಪಿಎಸ್5 ಅದರ ಸ್ವಂತ ಡಬ್ಬಿಯಲ್ಲೇ ಹೋಯ್ತು, ಆದರೆ ಆ ಡಬ್ಬಿ ಇನ್ನೊಂದು ಸಾದಾ ಡಬ್ಬಿಯೊಳಗೆ. ಇದರಲ್ಲಿ ಪಿಎಸ್5 ಇದೆ ಅಂತ ದಾರಿ ಉದ್ದಕ್ಕೂ ಡಂಗುರ ಸಾರಬೇಕಾ?

ತುಂಬಿದ ಮೇಲೆ ಒಂದೇ ಪರೀಕ್ಷೆ. ಡಬ್ಬಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಏನಾದರೂ ಸಪ್ಪಳ ಬಂದರೆ ಮತ್ತೆ ಬಿಚ್ಚಬೇಕು. ದಾರಿಯಲ್ಲಿ ಸಾಮಾನು ಹಾಳಾಗೋದು ಬಿದ್ದು ಅಲ್ಲ, ಗಂಟೆಗಟ್ಟಲೆ ಒಳಗೊಳಗೇ ಅಲ್ಲಾಡಿ. ಸಂದಿಗಳಿಗೆ ಹಳೆ ಟವೆಲ್, ಪಂಜೆ, ಅವ್ವನ ಸವೆದ ಹತ್ತಿ ಸೀರೆ ತುರುಕಿದೆ. ಹೇಗೂ ಅವೂ ಬರಲೇಬೇಕಲ್ವಾ, ಥರ್ಮಾಕೋಲಿಗೆ ಯಾಕೆ ದುಡ್ಡು?

ಇನ್ನು ಡಬ್ಬಾ ಟಿವಿ. ಮಾರಿಬಿಡು ಅಂತ ಹೇಳದವರಿಲ್ಲ. ಆದರೆ ಹಳೆ ಟಿವಿ ಗೇಮಿನ ಗನ್ ಕೆಲಸ ಮಾಡೋದು ಇಂಥ ಟಿವಿಯಲ್ಲಿ ಮಾತ್ರ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಗುರಿ ಇರುವ ಜಾಗ ಮಾತ್ರ ಬೆಳಗುತ್ತದೆ. ಗನ್ ಒಳಗಿನ ಕಣ್ಣು ಆ ಬೆಳಕನ್ನು ಹಿಡಿಯುತ್ತದೆ. ಎಲ್‌ಸಿಡಿಯಲ್ಲಿ ಚಿತ್ರ ತಡವಾಗಿ ಬರುತ್ತದೆ, ಲೆಕ್ಕ ತಪ್ಪುತ್ತದೆ. ಆದ್ದರಿಂದ ಟಿವಿ ಬರಲೇಬೇಕು. ಅದರ ಭಾರವೆಲ್ಲ ಮುಂದಿನ ಗಾಜಿನಲ್ಲಿ, ಜೀವವೆಲ್ಲ ಹಿಂದಿನ ಸಣ್ಣ ಗಾಜಿನ ಕುತ್ತಿಗೆಯಲ್ಲಿ. ಮುಂದಿನ ಗಾಜು ದಪ್ಪ, ಭಾರ ಹೊರುತ್ತದೆ. ಕುತ್ತಿಗೆಗೆ ಪೆಟ್ಟಾದರೆ ಟಿವಿ ಗುಜರಿಗೆ. ಹೀಗಾಗಿ ಲಾರಿಗೆ ಹಾಕದೆ, ಕಾರಿನ ಹಿಂದಿನ ಸೀಟಿನಲ್ಲಿ ಪರದೆ ಸೀಟಿನ ಬೆನ್ನಿಗೆ ತಾಗುವಂತೆ ಕೂಡಿಸಿ ಬೆಲ್ಟ್ ಹಾಕಿದೆ. ಸುತ್ತ ಕೌದಿ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಕೂಸಿಗಿ ಹೊಚ್ಚಿದಂಗ ಹೊಚ್ಚಲತ್ತಿ ನೋಡು" ಅಂದಳು.

ಲಾರಿಯವರ ಜೊತೆ ನಾನು ಹಟ ಹಿಡಿದದ್ದು ಒಂದಕ್ಕೆ: ಪಾರ್ಟ್ ಲೋಡ್ ಬೇಡ. ಅಂದರೆ ಬೇರೆಯವರ ಸಾಮಾನಿನ ಜೊತೆ ಒಂದೇ ಲಾರಿಯಲ್ಲಿ ಕಳಿಸೋದು. ಅದು ಅಗ್ಗ, ಆದರೆ ನಡುವೆ ಯಾವುದಾದರೂ ಗೋಡೌನಿನಲ್ಲಿ ಇಳಿಸಿ ಬೇರೆ ಗಾಡಿಗೆ ಏರಿಸ್ತಾರೆ. ಅಷ್ಟು ಕೈ ಬದಲಾಗೋದು ಬೇಡ ಅಂತ ಸಣ್ಣ ಗಾಡಿಯನ್ನೇ ಪೂರ್ತಿ ಮಾಡಿಕೊಂಡೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸೋಕೆ ಬೇಕಾಗುವ ಜಿಎಸ್‌ಟಿ ಚೀಟಿ) ಬೇಕಿಲ್ಲ. ಆದರೂ ಸಾಮಾನಿನ ಪಟ್ಟಿಯ ಒಂದು ಪ್ರತಿ ಡ್ರೈವರ್ ಹತ್ತಿರ ಇಟ್ಟೆ. ಸೀರಿಯಲ್ ನಂಬರಿನ ಫೋಟೊಗಳು ನನ್ನ ಹತ್ತಿರ ಇದ್ದವು. ವಿಮೆ ಮಾಡಿಸುವವರಿಗೆ ಇವು ಬೇಕೇ ಬೇಕು.

ಲಾರಿಯ ಹಿಂಬದಿ ಎಲ್ಲಕ್ಕಿಂತ ಜಾಸ್ತಿ ಕುಣಿಯುತ್ತದೆ. ನಮ್ಮ ಡಬ್ಬಿಗಳು ಕ್ಯಾಬಿನ್ ಕಡೆಗೆ, ಹಾಸಿಗೆಯ ಮೇಲೆ, ತಲೆ ಮೇಲೆ ಯಾವ ಭಾರವೂ ಇಲ್ಲದ ಹಾಗೆ ಕೂತವು. ಹೊರಗೆ ಎಲ್ಲದಕ್ಕೂ ‘ಪುಸ್ತಕ’ ಅಂತ ಬರೆದಿದ್ದೆ. ವಯಸ್ಸಾದ ಹಮಾಲ ಒಂದನ್ನು ಎತ್ತಿ ನನ್ನ ಕಡೆ ನೋಡಿದರು.

"ಬುಕ್ಕಂತ ಬರ್ದೀರಿ, ಹಗೂರ ಅದಲ್ರೀ?"

"ಓದಿ ಮುಗಿಸಿದ್ದು ಅವ ಕಾಕಾ, ಸಾವಕಾಶ ಇಡ್ರಿ."

ನಗುತ್ತಾ ಸಾವಕಾಶವಾಗಿಯೇ ಇಟ್ಟರು.

ಗಾಡಿ ಜೇವರ್ಗಿ, ಸಿಂದಗಿ, ವಿಜಯಪುರ ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ. ಘಾಟಿಯ ತಿರುವುಗಳಲ್ಲಿ ಡಬ್ಬಿ ಆ ಕಡೆ ಈ ಕಡೆ ವಾಲುತ್ತವೆ ಅಂತ ಸುತಳಿಯಿಂದ ಗಾಡಿಯ ಕೊಂಡಿಗೆ ಕಟ್ಟಿಸಿದ್ದೆ. ಮುಂಗಾರಿಗೆ ಮುಂಚಿನ ಮಳೆ ಹೇಳಿ ಕೇಳಿ ಬರಲ್ಲ, ಹಾಗಾಗಿ ಪ್ರತಿ ಡಬ್ಬಿಯ ಒಳಗೂ ದಪ್ಪ ಪ್ಲಾಸ್ಟಿಕ್ ಚೀಲ. ನಾವು ನಸುಕಿನಲ್ಲೇ ಕಾರು ಬಿಟ್ಟೆವು. ಊಟಕ್ಕೆ ನಿಂತಾಗ ಸೇವ್‌ಗಳ ಬ್ಯಾಗು ನನ್ನ ಹೆಗಲ ಮೇಲೆ. ಮಧ್ಯಾಹ್ನದ ಬಿಸಿಲಲ್ಲಿ ಗಾಜು ಏರಿಸಿದ ಕಾರು ಒಲೆಯೇ, ಬ್ಯಾಟರಿಗಳನ್ನು ಅದರಲ್ಲಿ ಬಿಡೋಕಾಗಲ್ಲ.

ಮಂಗಳೂರಲ್ಲಿ ಬೇರೆಯೇ ಕಥೆ. ಅಲ್ಲಿ ಧೂಳಿನ ಕಾಟ ಕಡಿಮೆ, ತೇವದ ಕಾಟ ಜಾಸ್ತಿ. ಒಳಗೆ ತೇವ ಕೂತಿದ್ದರೆ ಆರಲಿ ಅಂತ ಬಂದ ದಿನ ಏನನ್ನೂ ಆನ್ ಮಾಡಲಿಲ್ಲ. ಕಲಬುರಗಿಯಲ್ಲಿ ವರ್ಷಗಟ್ಟಲೆ ಹಾಗೇ ಇಟ್ಟರೂ ಏನೂ ಆಗದ ಮ್ಯಾನ್ಯುಯಲ್ ಪುಸ್ತಕಗಳು ಇಲ್ಲಿ ಒಂದು ಮಳೆಗಾಲಕ್ಕೇ ಬೂಸ್ಟು ಹಿಡಿಯುತ್ತವೆ. ಅವನ್ನೂ ಕ್ಯಾಸೆಟ್‌ಗಳನ್ನೂ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟಿದ್ದೇನೆ. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡೋದು. ಕ್ಯಾಸೆಟ್ ಹಾಕುವ ಮೊದಲು ಬಾಯಿಂದ ಊದುವ ಅಭ್ಯಾಸ ನಮಗೆಲ್ಲ ಇದೆಯಲ್ಲ, ಅದನ್ನು ಪೂರ್ತಿ ನಿಲ್ಲಿಸಿದ್ದೇನೆ. ಉಸಿರಿನ ತೇವ ಕುಡಿದು ಪಿನ್‌ಗಳು ಕಿಲುಬು ಹಿಡಿಯುತ್ತವೆ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಸಾಕು.

ಎಲ್ಲ ಬಿಚ್ಚಿ ನೋಡಿದಾಗ ಪಿಎಸ್1ರ ಕೆಲವು ಕೇಸ್‌ಗಳ ಕೀಲು ಮುರಿದಿದ್ದವು. ಆ ಗಾಜಿನಂಥ ಪ್ಲಾಸ್ಟಿಕ್ಕೇ ಹಾಗೆ, ಮುಟ್ಟಿದರೆ ಸಾಕು. ಡಿಸ್ಕ್‌ಗಳಿಗೆ ಏನೂ ಆಗಿಲ್ಲ. ಒಂದೇ ಡಿಸ್ಕಿನ, ಅಮೆರಿಕದ ಆವೃತ್ತಿಯ ಗೇಮ್ ಆದರೆ ಹೆಚ್ಚಾಗಿ ಮಾಮೂಲಿ ಆಡಿಯೊ ಸಿಡಿಯ ಖಾಲಿ ಕೇಸೇ ಹೊಂದುತ್ತದೆ. ತರಿಸೋಕೆ ಹೇಳಿದ್ದೇನೆ.