ಕಮಟು ಬೇರೆ, ಗಬ್ಬು ಬೇರೆ

ನಮ್ಮ ಮನೆಗೆ ಡಿಶ್‌ವಾಷರ್ ಬಂದು ಮೂರು ವರ್ಷವಾಯಿತು. ಪಾತ್ರೆ ತೊಳೆಯುವ ಕೆಲಸ ಮದುವೆಯಾದಾಗಿನಿಂದಲೂ ನನ್ನ ಪಾಲಿಗೇ ಬಂದದ್ದು. ಹಾಗಾಗಿ ಯಂತ್ರ ತರಿಸಿದವನೂ ನಾನೇ, ಅದು ನಾರತೊಡಗಿದಾಗ ಬೈಸಿಕೊಂಡವನೂ ನಾನೇ. ಕಳೆದ ಬೇಸಿಗೆಯಲ್ಲಂತೂ ತೊಳೆದ ಲೋಟವನ್ನು ಮೂಸಿ ನೋಡಿಯೇ ನೀರು ತುಂಬಿಕೊಳ್ಳುವ ಅಭ್ಯಾಸ ಮಗಳಿಗೆ ಅಂಟಿಬಿಟ್ಟಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ವಾಸನೆಯ ಮೇಲೆ ಪರಿಮಳ ಹೊದಿಸಿದೆ. ಹಿಂಡಿದ ನಿಂಬೆ ಹೋಳುಗಳನ್ನು ಮೇಲಿನ ತಟ್ಟಿಯಲ್ಲಿಟ್ಟು ಯಂತ್ರ ಓಡಿಸಿದೆ. ಎರಡು ದಿನ ನಿಂಬೆಯೂ ನಾತವೂ ಕೂಡಿ ಹೊಸದೊಂದು ವಾಸನೆ ಹುಟ್ಟಿತು. ಮೂರನೆಯ ವಾರಕ್ಕೆ ಕೆಳಗಿನ ತಟ್ಟೆಗಳು ಜಿಡ್ಡುಜಿಡ್ಡಾಗಿಯೇ ಹೊರಬರತೊಡಗಿದವು. ನೋಡಿದರೆ, ತಿರುಗುತ್ತಾ ನೀರು ಚಿಮ್ಮುವ ರೆಕ್ಕೆಯ ತೂತುಗಳಲ್ಲಿ ನಿಂಬೆ ಬೀಜ ಸಿಕ್ಕಿಕೊಂಡಿತ್ತು. ಪೊರಕೆಕಡ್ಡಿಯಿಂದ ಒಂದೊಂದೇ ತೂತನ್ನು ಬಿಡಿಸಿದೆ. ಬೀಜ ಅಲ್ಲಿಯವರೆಗೆ ಹೋಗಿದೆ ಎಂದರೆ ತಳದ ಜರಡಿ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಅದು ನನಗೆ ಆಗ ಹೊಳೆಯಲಿಲ್ಲ.

ಹೊಳೆಸಿದವಳು ಅವ್ವ. ಊರಿನಲ್ಲಿ ಎಮ್ಮೆ ಕಟ್ಟಿ, ಮಜ್ಜಿಗೆ ಕಡೆದು, ಬೆಣ್ಣೆ ತೆಗೆದ ಕೈ ಅವಳದು. ಮೂಗೂ ಅಷ್ಟೇ ಪಳಗಿದ್ದು. ಒಂದು ಸಂಜೆ ಬಾಗಿ ಯಂತ್ರದೊಳಗೆ ಮೂಸಿ, "ಇದು ಕಮಟು. ಎಲ್ಲೋ ಬೆಣ್ಣೆ ಕೆಟ್ಟು ಕೂತಿದೆ. ಬೆಳಿಗ್ಗೆ ಬರುವುದು ಇದಲ್ಲ, ಅದು ಗಬ್ಬು, ಮೋರಿಯದು. ಎರಡಕ್ಕೂ ಒಂದೇ ಮದ್ದು ಹಾಕಿದರೆ ಹೋಗುತ್ತದೆಯೇ?" ಎಂದಳು.

ಕಮಟಿನ ಕಾರಣ ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾನುವಾರ ನಮ್ಮಲ್ಲಿ ಬೆಣ್ಣೆದೋಸೆ. ಕಾವಲಿಯ ಮೇಲೆ ಒಂದು ಮುದ್ದೆ, ತಟ್ಟೆಯಲ್ಲಿ ಇನ್ನೊಂದು. ಆ ತಟ್ಟೆಗಳನ್ನು ನಾನು ಅರ್ಧ ಗಂಟೆಯಲ್ಲಿ ಮುಗಿಯುವ ಅವಸರದ ತೊಳೆತಕ್ಕೆ ಹಾಕುತ್ತಿದ್ದೆ. ಉಗುರುಬೆಚ್ಚಗಿನ ನೀರಿಗೆ ಬೆಣ್ಣೆ ತಟ್ಟೆ ಬಿಡುತ್ತದೆ ನಿಜ, ಆದರೆ ಪೂರ್ತಿ ಹೊರಗೆ ಹೋಗುವುದಿಲ್ಲ. ತಣ್ಣಗಾದೊಡನೆ ತಳದ ಜರಡಿಗೂ ಪೈಪಿಗೂ ಮತ್ತೆ ಅಂಟುತ್ತದೆ. ನಾಲ್ಕು ದಿನ ಬಿಟ್ಟರೆ ಒಡೆದು ಬ್ಯುಟಿರಿಕ್ ಆಮ್ಲ ಬಿಡುತ್ತದೆ. ಕೆಟ್ಟ ಬೆಣ್ಣೆಯ ವಾಸನೆ ಎಂದರೆ ಅದೇ.

ಕೆಳಗಿನ ತಟ್ಟಿ ಎಳೆದು, ತಳದ ನಡುವೆ ಇರುವ ಕೊಳವೆಯಾಕಾರದ ಜರಡಿಯನ್ನು ಎಡಕ್ಕೆ ತಿರುಗಿಸಿ ಮೇಲೆತ್ತಿದೆ. ಮೂರು ವರ್ಷದಲ್ಲಿ ಅದನ್ನು ತೆಗೆದದ್ದು ಎರಡೋ ಮೂರೋ ಬಾರಿ, ಹೇಳಲು ನಾಚಿಕೆಯೇ. ಕೈಗೆ ಸಿಕ್ಕಿದ್ದು ಬೂದುಬಣ್ಣದ ಲೋಳೆ. ಅದರೊಳಗೆ ಊದಿಕೊಂಡ ಮಂಡಕ್ಕಿ, ಶೇಂಗಾ ಸಿಪ್ಪೆ, ಸಾಸಿವೆ, ಕರಿಬೇವಿನ ನಾರು, ಎಲ್ಲದರ ಮೇಲೂ ಬೆಣ್ಣೆಯ ಬಿಳಿ ಪದರ. ಹೆಂಡತಿ ಇಣುಕಿ ನೋಡಿ, "ಒಗ್ಗರಣೆ ಮಂಡಕ್ಕಿಗೆ ಬೇಕಾದದ್ದೆಲ್ಲ ಇದೆ, ಖಾರ ಒಂದು ಕಡಿಮೆ" ಎಂದು ಹೊರಟುಹೋದಳು.

ಜರಡಿಯ ಭಾಗಗಳನ್ನು ಬಿಸಿನೀರಿನಲ್ಲಿ ಪಾತ್ರೆ ಸೋಪು ಕಲಸಿ ಹದಿನೈದು ನಿಮಿಷ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ತಂತಿ ಬ್ರಷ್ ಬೇಡ, ಬಲೆ ಹರಿಯುತ್ತದೆ. ಜರಡಿ ತೆಗೆದಾಗ ಕೆಳಗೆ ಒಂದಿಷ್ಟು ನೀರು ನಿಂತಿರುವುದು ಸಹಜ, ಗಾಬರಿಯಾಗಬೇಕಿಲ್ಲ. ಆ ನೀರು ಕೊಳೆಯಾಗಿದ್ದರೆ ಬಟ್ಟೆಯಿಂದ ಹೀರಿ ತೆಗೆಯಿರಿ. ಗಾಜಿನ ಚೂರು ಇರಬಹುದು, ಬರಿಗೈ ಹಾಕಬೇಡಿ. ಜರಡಿಯನ್ನು ಮತ್ತೆ ಕೂರಿಸುವಾಗ ಟಕ್ ಎನ್ನುವವರೆಗೆ ತಿರುಗಿಸಿ. ನಾನು ಹಿಂದಿನ ಸಲ ಅಲ್ಲಿಯೇ ತಪ್ಪಿದ್ದೆ.

ಇನ್ನೊಂದು ಜಾಗವನ್ನು ಯಾರೂ ನೋಡುವುದಿಲ್ಲ: ಬಾಗಿಲಿನ ಕೆಳ ಅಂಚು. ಒಳಗೆ ಚಿಮ್ಮುವ ನೀರು ಅಲ್ಲಿಗೆ ತಲುಪುವುದೇ ಇಲ್ಲ. ಒದ್ದೆ ಬಟ್ಟೆ ಎಳೆದರೆ ಕಪ್ಪಗೆ ಬಂತು. ಸುತ್ತಲಿನ ರಬ್ಬರ್ ಪಟ್ಟಿಯ ಮಡಿಕೆಯಲ್ಲೂ ಅದೇ ಕಪ್ಪು.

ಆಮೇಲೆ ಗಡಸು ನೀರಿನ ಸರದಿ. ನಲ್ಲಿ ನೀರು ಬಾರದ ದಿನ ನಮ್ಮದು ಬೋರ್‌ವೆಲ್ ನೀರು. ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ ಬಿಡುವಂಥದ್ದು. ಯಂತ್ರದೊಳಗೂ ಆ ಸುಣ್ಣ ಪದರಗಟ್ಟುತ್ತದೆ, ಒರಟಾದ ಪದರಕ್ಕೆ ಜಿಡ್ಡು ಸುಲಭವಾಗಿ ಅಂಟುತ್ತದೆ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಮೂರು ಚಮಚ ತಳಕ್ಕೆ ಹಾಕಿ, ಪಾತ್ರೆಯಿಲ್ಲದೆ, ಸೋಪಿಲ್ಲದೆ, 70 ಡಿಗ್ರಿಯ ತೊಳೆತಕ್ಕೆ ಬಿಟ್ಟೆ. ಮುಗಿದಾಗ ಒಳಗೋಡೆ ಹೊಸದರಂತೆ ಹೊಳೆಯಿತು. ವಿನೆಗರ್ ಮತ್ತು ಅಡುಗೆ ಸೋಡಾವನ್ನು ಒಟ್ಟಿಗೆ ಹಾಕುವವರಿದ್ದಾರೆ. ನೊರೆ ನೋಡಲು ಚೆಂದ, ಆದರೆ ಹುಳಿಯೂ ಸೋಡಾವೂ ಒಂದನ್ನೊಂದು ಕೊಂದುಕೊಳ್ಳುತ್ತವೆ, ಉಳಿಯುವುದು ಸಪ್ಪೆ ನೀರು. ಬ್ಲೀಚಿಂಗ್ ಪುಡಿಯನ್ನಂತೂ ಹತ್ತಿರ ತರಬೇಡಿ: ಅದು ಸ್ಟೀಲನ್ನು ತಿನ್ನುತ್ತದೆ, ಹುಳಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬಿಡುತ್ತದೆ.

ಕಮಟು ಹೋಯಿತು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಗಬ್ಬು ಹಾಗೆಯೇ ಇತ್ತು.

ಅವ್ವ ಹೇಳಿದ ಮೋರಿಯನ್ನು ಹುಡುಕಲು ಸಿಂಕಿನ ಕೆಳಗೆ ಟಾರ್ಚ್ ಹಿಡಿದು ಮಲಗಬೇಕಾಯಿತು. ಯಂತ್ರದಿಂದ ಕೊಳೆನೀರು ಹೊರಹಾಕುವ ಪೈಪ್ ನೆಲದ ಮೇಲೆ ಹಾವಿನಂತೆ ಬಿದ್ದು, ಸಿಂಕಿನ ಪೈಪಿಗೆ ತೀರಾ ಕೆಳಗೆ, ನೀರು ನಿಲ್ಲುವ ಬಾಗಿನ ಆಚೆಗೆ ಸೇರಿತ್ತು. ಮೋರಿಯ ವಾಸನೆಯನ್ನು ತಡೆಯುವುದು ಆ ಬಾಗಿನಲ್ಲಿ ನಿಂತ ನೀರೇ. ಅದನ್ನು ದಾಟಿ ಪೈಪ್ ಸೇರಿಸಿದರೆ ಮೋರಿಗೆ ನೇರ ದಾರಿ ಮಾಡಿಕೊಟ್ಟಂತೆ. ಸಾಲದ್ದಕ್ಕೆ, ತಗ್ಗಿನಲ್ಲಿರುವ ಪೈಪಿನೊಳಗೆ ಸಿಂಕಿನ ಎಂಜಲು ನೀರೂ ಹಿಂದಕ್ಕೆ ನುಗ್ಗಿ ಕೊಳೆಯುತ್ತಿತ್ತು.

ನಮ್ಮ ಯಂತ್ರದ ಕೈಪಿಡಿಯಲ್ಲಿ ಈ ಪೈಪ್ ನೆಲದಿಂದ ಕನಿಷ್ಠ 40 ಸೆಂಟಿಮೀಟರ್ ಎತ್ತರಕ್ಕೇರಿ ಇಳಿಯಬೇಕೆಂದು ಚಿತ್ರಸಹಿತ ಇದೆ. ಅದನ್ನು ಓದಿರದವರು ಜೋಡಿಸಿದವರೂ ಹೌದು, ನಾನೂ ಹೌದು. ಪೈಪನ್ನು ಕಟ್ಟೆಯ ಕಲ್ಲಿನ ಅಡಿಯವರೆಗೆ ಎತ್ತಿ, ಗೋಡೆಗೆ ಕ್ಲಿಪ್ ಹೊಡೆದು, ಬಾಗಿನ ಮೇಲ್ಭಾಗದಲ್ಲಿ ಹೊಸ ಜೋಡಣೆ ಮಾಡಿಸಿದೆ. ಪ್ಲಂಬರ್‌ಗೆ ಅರ್ಧ ಗಂಟೆಯ ಕೆಲಸ. ಎರಡನೆಯ ಬೆಳಿಗ್ಗೆಗೆ ಗಬ್ಬು ಇರಲಿಲ್ಲ.

ಈಗ ಬೆಣ್ಣೆ ತಟ್ಟೆಗೆ ಬಿಸಿ ತೊಳೆತವೇ. ಮುದ್ದೆಯ ಪಾತ್ರೆಯನ್ನು ಮೊದಲು ಗೋರಿ, ಉಳಿದದ್ದನ್ನು ಬುಟ್ಟಿಗೆ ಹಾಕುತ್ತೇನೆ. ಜರಡಿಯನ್ನು ಭಾನುವಾರ ರಾತ್ರಿ ತೊಳೆಯುತ್ತೇನೆ. ನಡುವೆ ಕರೆಂಟ್ ಹೋಗಿ ಕೊಳೆನೀರು ಒಳಗೇ ನಿಂತರೆ, ಬಂದ ತಕ್ಷಣ ಮುಗಿಸುತ್ತೇನೆ, ಬೆಳಗಿನವರೆಗೆ ಬಿಡುವುದಿಲ್ಲ. ತೊಳೆದ ಮೇಲೆ ಬಾಗಿಲನ್ನು ಎರಡು ಬೆರಳಷ್ಟು ತೆರೆದಿಡಬೇಕು ಎನ್ನುತ್ತಾರೆ. ಅವ್ವನಿಗೆ ಜಿರಲೆಯ ಭಯ, ಹಾಗಾಗಿ ಒಂದು ಗಂಟೆ ಆರಿಸಿ ಮುಚ್ಚುತ್ತೇನೆ.

ಶೇಂಗಾ ಚಟ್ನಿಪುಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾತ್ರ ಬೆಳ್ಳುಳ್ಳಿ ವಾಸನೆ ಇನ್ನೂ ಉಳಿದಿದೆ. ಯಂತ್ರದ ತಪ್ಪಲ್ಲ, ಪ್ಲಾಸ್ಟಿಕ್ಕೇ ಹೀರಿಕೊಂಡಿದೆ. ಅದು ಈಗ ಮಾಳಿಗೆಯ ಮೇಲೆ ಬಿಸಿಲಿನಲ್ಲಿದೆ.