ಕೀಪ್ಯಾಡ್ ಕಿತ್ತರೆ ಬಾಗಿಲು ತೆರೆಯುತ್ತಿತ್ತು: ಸರಿ ಮಾಡಿದ ಬಗೆ

ಚಿಕ್ಕಮಗಳೂರಿನ ಒಂದು ಕಾಫಿ ಗೋದಾಮು. ಬಾಗಿಲಿಗೆ 12 ವೋಲ್ಟ್ ಮ್ಯಾಗ್ನೆಟಿಕ್ ಲಾಕ್ (ಕರೆಂಟ್ ಇರುವ ತನಕ ಮಾತ್ರ ಹಿಡಿದಿರುವ ಅಯಸ್ಕಾಂತ), ಹೊರಗೋಡೆಗೆ ಕೀಪ್ಯಾಡ್. ಅದನ್ನು ಬಿಚ್ಚಿ ಎಕ್ಸಿಟ್ ಬಟನ್ (ಒಳಗಿನಿಂದ ಬಾಗಿಲು ತೆರೆಯುವ ಗುಂಡಿ) ವೈರನ್ನು ಗ್ರೌಂಡಿಗೆ ಮುಟ್ಟಿಸಿದರೆ ಸಾಕು, ಕೋಡ್ ಇಲ್ಲದೆಯೇ ಬಾಗಿಲು ತೆರೆಯುತ್ತಿತ್ತು.

ಸ್ಟಾರ್ ಸ್ಕ್ರೂ ಹಾಕಿದೆ, ಸಿಲಿಕೋನ್ ಬಳಿದೆ, ಕೋಡ್ ಉದ್ದ ಮಾಡಿದೆ. ಲಾಕ್‌ನ ಕರೆಂಟ್ ಕಡಿಯುವ ಸ್ವಿಚ್, ಅಂದರೆ ರಿಲೇ, ಹೊರಗೆ ಕೀಪ್ಯಾಡ್‌ನಲ್ಲೇ ಇರುವ ತನಕ ಇದೆಲ್ಲ ಸುಮ್ನೆ ಖರ್ಚು.

ಕೊನೆಗೆ ರಿಲೇ ಇರುವ ಕಂಟ್ರೋಲರನ್ನೇ ಒಳಗೆ ಹಾಕಿದೆ. ಎಕ್ಸಿಟ್ ಬಟನ್ ವೈರೂ ಒಳಗೇ. ಹೊರಗೆ ಕೀಪ್ಯಾಡ್ ಬದಲು ವೀಗಾಂಡ್ ರೀಡರ್ ಮಾತ್ರ; ಕಾರ್ಡ್ ಓದಿ ನಂಬರನ್ನು ಕಂಟ್ರೋಲರ್‌ಗೆ ಕಳಿಸುವುದಷ್ಟೇ ಅದರ ಕೆಲಸ. ಅದಕ್ಕೆ ನಾಲ್ಕು ವೈರು: 12 ವೋಲ್ಟ್, ಗ್ರೌಂಡ್, ಮಾಹಿತಿ ಸಾಗಿಸುವ ಡಿ0, ಡಿ1. ಲಾಕ್‌ನ ಪ್ಲಸ್ ಮೊದಲು ಬ್ರೇಕ್ ಗ್ಲಾಸ್‌ಗೆ (ತುರ್ತಿನಲ್ಲಿ ಒಡೆದು ಲಾಕ್ ಬಿಡಿಸುವ ಪೆಟ್ಟಿಗೆ), ಅಲ್ಲಿಂದ ರಿಲೇಯ ಕಾಮ್‌ಗೆ (ಸಾಮಾನ್ಯ ತುದಿ), ಎನ್‌ಸಿಯಿಂದ (ರಿಲೇ ಸುಮ್ಮನಿದ್ದಾಗ ಕಾಮ್‌ಗೆ ಕೂಡಿರುವ ತುದಿ) ಲಾಕ್‌ಗೆ. ಮೈನಸ್ ನೇರ. ಕರೆಂಟ್ ಕಡಿದಾಗ ಲಾಕ್‌ನಿಂದ ಬರುವ ವೋಲ್ಟೇಜ್ ಏಟು ತಡೆಯಲು ಅದರ ಪ್ಲಸ್ ಮೈನಸ್ ನಡುವೆ 1ಎನ್4007 ಡಯೋಡ್, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ. ತಿರುಗಿಸಿದರೆ ಶಾರ್ಟ್!

ಇಷ್ಟಾದರೂ ಒಂದು ಸಂದಿ ಉಳಿದಿತ್ತು. ರೀಡರ್‌ನ 12 ವೋಲ್ಟನ್ನು ಗ್ರೌಂಡಿಗೆ ಮುಟ್ಟಿಸಿದರೆ ಸಪ್ಲೈ ಕುಸಿಯುತ್ತದೆ, ಕರೆಂಟ್ ಹೋದರೆ ಈ ಲಾಕ್ ಬಿಟ್ಟುಕೊಳ್ಳುತ್ತದೆ ಅಲ್ವಾ? ಅದಕ್ಕೇ ರೀಡರ್‌ಗೆ ಬೇರೆ ಸಪ್ಲೈ ಕೊಟ್ಟೆ. ಎರಡರ ಗ್ರೌಂಡ್ ಮಾತ್ರ ಜೋಡಿಸಿ, ಇಲ್ಲದಿದ್ದರೆ ಕಾರ್ಡ್ ಓದುವುದಿಲ್ಲ. ಈಗ ಹೊರಗಿನ 12 ವೋಲ್ಟನ್ನು ಗ್ರೌಂಡಿಗೆ ಮುಟ್ಟಿಸಿದರೂ ಲಾಕ್ ಹಿಡಿದೇ ಇರುತ್ತದೆ.