ನೆಟ್ ಸರಿಯೇ ಇತ್ತು, ಜಾಗ ಇರಲಿಲ್ಲ

ಉಡುಪಿಯ ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಜೆರಾಕ್ಸ್ ಅಂಗಡಿ. ಅಲ್ಲಿನ ಹಳೆ ಕಂಪ್ಯೂಟರಿಗೆ ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಹಾಕಿದ್ದೇನೆ. ಆಟಿ ತಿಂಗಳು, ಹೊರಗೆ ಜಡಿಮಳೆ, ಗಿರಾಕಿ ಕಡಿಮೆ. ಸುಮ್ನೆ ಕೂತಿದ್ದೇನಲ್ಲ ಅಂತ ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲದಕ್ಕೂ ಟಿಕ್ ಹಾಕಿ ಇನ್‌ಸ್ಟಾಲ್ ಒತ್ತಿದೆ. ಫೈರ್‌ಫಾಕ್ಸ್ ಬ್ರೌಸರ್ ಇತ್ತು, ಜೊತೆಗೆ ಹೊಸ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು, ಕೂಡ ಇತ್ತು. ಸ್ವಲ್ಪ ಹೊತ್ತಿಗೆ ಎರರ್ ಬಂತು. ಓದಲಿಲ್ಲ. ಇಂಥ ಮಳೆಗೆ ನೆಟ್ ಕೈಕೊಟ್ಟಿರಬೇಕು ಅಂತ ನಾನೇ ತೀರ್ಮಾನ ಮಾಡಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಮತ್ತೆ ಒತ್ತಿದೆ. ಅದೇ ಎರರ್.

ಅಷ್ಟರಲ್ಲಿ ಒಬ್ಬರು ಕೊಡೆ ಮಡಚುತ್ತಾ ಬಂದು, "ಆರ್‌ಟಿಸಿ ಒಂದು ತೆಗಿಲಿಕ್ಕುಂಟು ಮಾರ್ರೆ" ಅಂದರು. ಹಳೆ ಫೈರ್‌ಫಾಕ್ಸ್ ತೆರೆದೇ ಇತ್ತು, ಅದರಲ್ಲೇ ತೆಗೆದುಕೊಟ್ಟೆ. ಆದರೆ ಆ ಕಿಟಕಿ ಮುಚ್ಚಲು ಹೆದರಿಕೆ. ಮುಚ್ಚಿದ ಮೇಲೆ ಮತ್ತೆ ತೆರೆಯದಿದ್ದರೆ? ಆಮೇಲೆ ಗೊತ್ತಾಯಿತು, ಅಷ್ಟು ಹೆದರಬೇಕಾಗಿರಲಿಲ್ಲ. ಹೊಸ ಫೈಲುಗಳನ್ನು ಬಿಚ್ಚುವಾಗ ಎಡವಿದರೆ, ಇನ್‌ಸ್ಟಾಲ್ ಕೆಲಸ ಮಾಡುವ ಡಿಪಿಕೆಜಿ ಎಂಬ ಪ್ರೋಗ್ರಾಂ ಸಾಮಾನ್ಯವಾಗಿ ಹಳೆಯದನ್ನೇ ಉಳಿಸಿಕೊಳ್ಳುತ್ತದೆ.

ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದು, ಅಡ್ಮಿನ್ ಅಧಿಕಾರದಲ್ಲಿ ಅಪ್‌ಡೇಟ್ ಹಾಕುವ ಸುಡೊ ಎಪಿಟಿ ಅಪ್‌ಗ್ರೇಡ್ ಕೊಟ್ಟರೆ ಲಾಕ್ ಸಿಗುತ್ತಿಲ್ಲ ಅಂದಿತು. ಲಾಕ್ ಅಂದರೆ ಒಮ್ಮೆಗೆ ಒಂದೇ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಲಿ ಅಂತ ಇಟ್ಟ ಬೀಗ. ಅದನ್ನು ಹಿಡಿದಿರುವ ಪ್ರೋಸೆಸ್‌ನ ನಂಬರನ್ನೂ ತೋರಿಸಿತು. ಇಂಥ ಹೊತ್ತಲ್ಲಿ ಲಾಕ್ ಫೈಲನ್ನೇ ಅಳಿಸಿ ಅಂತ ಕೆಲವರು ಹೇಳುತ್ತಾರೆ, ಬೇಡ. ನನ್ನಲ್ಲಿ ಅಪ್‌ಡೇಟ್ ಮ್ಯಾನೇಜರೇ ಹಿಂದೆ ಇನ್ನೂ ಕೆಲಸ ಮಾಡುತ್ತಾ ಇತ್ತು, ಅಷ್ಟೇ. ಅದು ಮುಗಿದ ಮೇಲೆ ಮತ್ತೆ ಕೊಟ್ಟೆ. ಈ ಸಲ ಸಾಲು ಸಾಲಾಗಿ ಓದಿದೆ. ಕೊನೆಯ ಸಾಲಿನಲ್ಲಿ ಏನೂ ಇಲ್ಲ, ಬರೀ ಎರರ್ ಕೋಡ್. ವಿಷಯ ಇದ್ದದ್ದು ಮೇಲೆ. ಲಿಬ್‌ಝುಲ್ ಎಂಬ ಫೈಲನ್ನು ಬರೆಯಲಿಕ್ಕೆ ಆಗಲಿಲ್ಲ, ಡಿಸ್ಕಿನಲ್ಲಿ ಜಾಗ ಇಲ್ಲ ಅಂತ. ಫೈರ್‌ಫಾಕ್ಸಿನ ಡೊಳ್ಳು ಹೊಟ್ಟೆಯೇ ಆ ಫೈಲು, ಒಂದೇ 100 ಎಂಬಿ ದಾಟುತ್ತದೆ.

ಡಿಸ್ಕಿನಲ್ಲಿ ಎಷ್ಟು ಜಾಗ ಉಂಟು ಅಂತ ತೋರಿಸುವ ಡಿಎಫ್ ಆಜ್ಞೆ ಕೊಟ್ಟು ನೋಡಿದೆ. ಸಿಸ್ಟಮ್ ಇರುವ ಭಾಗ, ಅಂದರೆ ರೂಟ್ ಪಾರ್ಟಿಷನ್, ಶೇಕಡಾ 100 ತುಂಬಿತ್ತು, ಉಳಿದದ್ದು ಸೊನ್ನೆ. ಎಸ್‌ಎಸ್‌ಡಿ ಹಾಕಿದ ದಿನ ರೂಟಿಗೆ ಬರೀ 30 ಜಿಬಿ ಕೊಟ್ಟು, ಉಳಿದದ್ದೆಲ್ಲ ನಮ್ಮ ಫೈಲುಗಳಿರುವ ಹೋಮಿಗೆ ಬಿಟ್ಟವನು ನಾನೇ. ಡೆಸ್ಕ್‌ಟಾಪಿನಲ್ಲಿ ಬೇಕಾದಷ್ಟು ಜಾಗ ಕಾಣುತ್ತಿದ್ದದ್ದು ಹೋಮ್‌ನದ್ದು. ಇಳಿಸಿಕೊಂಡ ಅಪ್‌ಡೇಟ್ ಫೈಲುಗಳನ್ನು ಅಳಿಸುವ ಎಪಿಟಿ ಕ್ಲೀನ್ ಮಾಡಿದೆ, ಸಿಸ್ಟಮ್ ಬರೆದಿಟ್ಟ ಹಳೆ ಜರ್ನಲ್ ಲಾಗ್ ಕಡಿಮೆ ಮಾಡಿದೆ. ಸ್ವಲ್ಪ ಸಿಕ್ಕಿತು, ಸಾಲಲಿಲ್ಲ. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ಹೇಳುವ ಡಿಯು ಆಜ್ಞೆಯನ್ನು ಸುಡೊ ಹಾಕಿ ಓಡಿಸಿದಾಗ ಕಳ್ಳ ಸಿಕ್ಕಿದ. ಟೈಮ್‌ಶಿಫ್ಟ್! ಸಿಸ್ಟಮ್ ಕೆಟ್ಟರೆ ಹಿಂದಿನ ಸ್ಥಿತಿಗೆ ತರಲಿಕ್ಕೆ ಅದರ ನಕಲು, ಅಂದರೆ ಸ್ನ್ಯಾಪ್‌ಶಾಟ್, ತೆಗೆದಿಡುವ ಪ್ರೋಗ್ರಾಂ. ಯಾವಾಗಲೋ ಜಾಣತನ ಮಾಡಿ ದಿನಕ್ಕೊಂದು, ವಾರಕ್ಕೊಂದು, ಬೂಟ್ ಆದಾಗೊಂದು ಅಂತ ಎಲ್ಲದಕ್ಕೂ ಟಿಕ್ ಹಾಕಿಟ್ಟಿದ್ದೆ. ಅಷ್ಟೂ ಸ್ನ್ಯಾಪ್‌ಶಾಟ್ ಇದೇ 30 ಜಿಬಿಯಲ್ಲಿ.

ಇದು ಬೆಳೆಯುವ ರೀತಿ ನೋಡಿ. ಮೊದಲ ಸ್ನ್ಯಾಪ್‌ಶಾಟ್ ಪೂರ್ತಿ ನಕಲು. ಮುಂದಿನವು ಬದಲಾದ ಫೈಲುಗಳನ್ನು ಮಾತ್ರ ಹೊಸದಾಗಿ ಇಡುತ್ತವೆ, ಉಳಿದದ್ದಕ್ಕೆ ಹಾರ್ಡ್‌ಲಿಂಕ್, ಅಂದರೆ ಡಿಸ್ಕಿನಲ್ಲಿರುವ ಅದೇ ಫೈಲಿಗೆ ಇನ್ನೊಂದು ಹೆಸರು. ಫೈರ್‌ಫಾಕ್ಸಿನ ದೊಡ್ಡ ಆವೃತ್ತಿ ನಾಲ್ಕು ವಾರಕ್ಕೊಮ್ಮೆ ಬರುತ್ತದೆ, ನಡುನಡುವೆ ಸಣ್ಣವು ಬೇರೆ. ಪ್ರತಿ ಸಲವೂ ಆ ಡೊಳ್ಳು ಹೊಟ್ಟೆಯ ಫೈಲು ಬದಲಾಗುತ್ತದೆ, ಹಳೆಯದು ಸ್ನ್ಯಾಪ್‌ಶಾಟಿನಲ್ಲಿ ಕೂತೇ ಇರುತ್ತದೆ. ಕರ್ನಲ್‌ನದ್ದೂ ಅದೇ ಕಥೆ.

ಅಳಿಸುವ ಮೊದಲು ಬ್ರೌಸರ್ ಮುಚ್ಚಿ, ಹೋಮಿನಲ್ಲಿರುವ ಮೊಝಿಲ್ಲಾ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಪಾಸ್‌ವರ್ಡ್, ಬುಕ್‌ಮಾರ್ಕ್ ಎಲ್ಲ ಇರುವುದು ಅದರಲ್ಲಿ. ಈ ಕೆಲಸಕ್ಕೆ ಅದನ್ನು ಮುಟ್ಟಬೇಕಾಗಿಲ್ಲ, ಆದರೂ ಧೈರ್ಯಕ್ಕೆ. ಸ್ನ್ಯಾಪ್‌ಶಾಟನ್ನು ಫೈಲ್ ಮ್ಯಾನೇಜರಿನಲ್ಲಿ ಹೋಗಿ ಅಳಿಸಬೇಡಿ, ಟೈಮ್‌ಶಿಫ್ಟ್‌ನ ಒಳಗಿನಿಂದಲೇ ಅಳಿಸಿ. ಒಂದನ್ನು ತೆಗೆದೆ, ಜಾಗ ಹೆಚ್ಚೇನೂ ಬರಲಿಲ್ಲ. ಎಂತ ಇದು ಅಂತ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಅದೇ ಫೈಲಿಗೆ ಬೇರೆ ಸ್ನ್ಯಾಪ್‌ಶಾಟಿನಿಂದಲೂ ಲಿಂಕ್ ಇರುವಾಗ ಒಂದು ಹೋದರೆ ಜಾಗ ಹೇಗೆ ಬಿಟ್ಟೀತು? ಕೊನೆಗೆ ಇತ್ತೀಚಿನದ್ದು ಒಂದನ್ನು ಬಿಟ್ಟು ಎಲ್ಲ ತೆಗೆದೆ. ಆಗ ಡಿಸ್ಕ್ ಉಸಿರಾಡಿತು.

ಉಳಿದದ್ದು ಬೇಗ ಆಯಿತು. ಹೊಸ ಕರ್ನಲ್ ಕೂಡ ಅರ್ಧಕ್ಕೆ ನಿಂತಿತ್ತು, ಬಾಕಿ ಕೆಲಸ ಮುಗಿಸಲಿಕ್ಕೆ ಡಿಪಿಕೆಜಿಯ ಕಾನ್ಫಿಗರ್ ಆಜ್ಞೆ ಕೊಟ್ಟೆ. ಆಮೇಲೆ ಮುರಿದದ್ದನ್ನು ಸರಿಮಾಡುವ ಎಪಿಟಿಯ ಫಿಕ್ಸ್ ಬ್ರೋಕನ್, ನಂತರ ಮಾಮೂಲಿ ಅಪ್‌ಗ್ರೇಡ್. ಫೈರ್‌ಫಾಕ್ಸ್ ತೆರೆದರೆ ಹೊಸ ಆವೃತ್ತಿ, ಬುಕ್‌ಮಾರ್ಕುಗಳೆಲ್ಲ ಅಲ್ಲಲ್ಲೇ.

ಕಪಾಟಿನಲ್ಲಿ 500 ಜಿಬಿಯ ಹಳೆ ಹಾರ್ಡ್‌ಡಿಸ್ಕ್ ಒಂದು ಬಿದ್ದಿತ್ತು. ಅದನ್ನು ಲಿನಕ್ಸಿನ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ ಟೈಮ್‌ಶಿಫ್ಟನ್ನು ಅಲ್ಲಿಗೆ ಕಳಿಸಿದ್ದೇನೆ. ವಿಂಡೋಸ್ ಫಾರ್ಮ್ಯಾಟಿನ ಡಿಸ್ಕ್ ಅದಕ್ಕೆ ಆಗುವುದಿಲ್ಲ. ಈಗ ವಾರಕ್ಕೊಂದು ಸ್ನ್ಯಾಪ್‌ಶಾಟ್, ಒಟ್ಟು ಎರಡೇ. ಡಿಎಫ್‌ನ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದೇನೆ. ಗಿರಾಕಿಗಳು ಅದನ್ನು ವೈಫೈ ಪಾಸ್‌ವರ್ಡ್ ಅಂದುಕೊಂಡು ಮೊಬೈಲಿನಲ್ಲಿ ಹೊಡೆದು ನೋಡುತ್ತಾರೆ.